ನಡಾವಳಿಯ ಪುಟಗಳಲ್ಲಿ ಹಳ್ಳಿಯ ಬೋಧಕರು

ನಮ್ಮಲ್ಲಿ ಒಂದು ಊರಿನ ಹಳೆಯ ಸಂಗತಿಯನ್ನು ಅರಸಿ ಹೊರಟವನೊಡನೆ ಮೊದಲು ಮಾತನಾಡುವುದು ಕಲ್ಲು. ಕೆರೆಯ ಏರಿಯ ಮೇಲೊಂದು ಶಾಸನ, ಗುಡಿಯ ಹಿಂದೊಂದು ವೀರಗಲ್ಲು, ಕಂಬದ ಬುಡದಲ್ಲಿ ನಾಲ್ಕು ಸವೆದ ಅಕ್ಷರ. ಇಷ್ಟು ದೊರೆತರೆ ಅರಸನ ಹೆಸರೂ ಶಕವರ್ಷವೂ ಕೈಗೆ ಬಂದಂತೆಯೇ ಸರಿ. ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಗಾಡಿನಲ್ಲಿ ಹದಿನೆಂಟನೆಯ ಶತಮಾನದ ನಡುವೆ ತಲೆಯೆತ್ತಿದ ಬ್ಯಾಪ್ಟಿಸ್ಟ್ ಸಭೆಗಳ ಚರಿತ್ರೆಯನ್ನು ಹುಡುಕುವವನಿಗೆ ಈ ಭಾಗ್ಯವಿಲ್ಲ. ಅಲ್ಲಿ ಸಭಾಗೃಹವೆಂದರೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಒಂದು ಕೊಠಡಿ. ಸಮೀಪದಲ್ಲಿ ದೀಕ್ಷಾಸ್ನಾನಕ್ಕೆ ಒದಗುವ ಒಂದು ಹೊಳೆ. ದಿಮ್ಮಿಗಳಲ್ಲಿ ಕೆಲವು ಗೆದ್ದಲಿಗಾದುವು, ಕೆಲವು ಬೆಂಕಿಗಾದುವು. ಬೋಧಕನಾದರೋ ವಾರವೆಲ್ಲ ನೇಗಿಲು ಹಿಡಿದು, ಭಾನುವಾರ ವೇದಪುಸ್ತಕ ಹಿಡಿಯುತ್ತಿದ್ದ ಒಕ್ಕಲಿಗ. ಅವನು ತನ್ನ ಉಪದೇಶವನ್ನು ಬರೆದಿಡಲಿಲ್ಲ. ಎಷ್ಟೋ ಮಂದಿಗೆ ಬರೆಯುವ ಅಭ್ಯಾಸವೇ ಅಷ್ಟಕ್ಕಷ್ಟೆ. ಹೀಗಿರಲಾಗಿ ಅವನ ಬಾಳನ್ನು ತಿಳಿಯಬೇಕಾದರೆ, ಬೇರೆಯವರು ಬೇರೆ ಯಾವುದೋ ಕಾರ್ಯಕ್ಕಾಗಿ ಬರೆದಿಟ್ಟ ಕಾಗದಗಳನ್ನು ಜಾಲಾಡಬೇಕಾಗುತ್ತದೆ.

ಈ ಕಷ್ಟಕ್ಕೆ ಆ ಪಂಥದ ಕಟ್ಟಳೆಯೇ ಒಂದು ಕಾರಣ. ಇಂಗ್ಲೆಂಡಿನ ರಾಜಾಶ್ರಯದ ಸಭೆಗೆ ವರ್ಜೀನಿಯದಲ್ಲಿ ಪ್ಯಾರಿಷ್ ಎಂಬ ವಿಭಾಗವಿತ್ತು, ಪ್ರತಿ ಪ್ಯಾರಿಷಿಗೂ ಪಾದ್ರಿಯಿದ್ದನು, ಅವನ ಬಳಿ ದಫ್ತರವಿತ್ತು. ಹುಟ್ಟಿದ ಕೂಸಿಗೆ ದೀಕ್ಷಾಸ್ನಾನವಾದ ದಿನ ಅದರ ಹೆಸರೂ ತಂದೆತಾಯಿಗಳ ಹೆಸರೂ ಆ ದಫ್ತರಕ್ಕೆ ಏರುತ್ತಿದ್ದುವು. ಬ್ಯಾಪ್ಟಿಸ್ಟರು ಕೂಸುಗಳಿಗೆ ದೀಕ್ಷೆ ಕೊಡುವವರಲ್ಲ. ಬುದ್ಧಿ ಬಂದು, ನಂಬಿದೆನೆಂದು ಸಭೆಯ ಮುಂದೆ ತಾನೇ ಹೇಳಿಕೊಂಡವನನ್ನು ಮಾತ್ರ ನೀರಿನಲ್ಲಿ ಮುಳುಗಿಸುವರು. ಆದುದರಿಂದ ಅವರ ಪುಸ್ತಕದಲ್ಲಿ ಜನನದ ಲೆಕ್ಕವಿಲ್ಲ. ಇನ್ನು ಅವರಿಗೆ ಬಿಷಪ್ಪನೂ ಇಲ್ಲ, ಕೇಂದ್ರದ ಕಚೇರಿಯೂ ಇಲ್ಲ. ಪ್ರತಿಯೊಂದು ಸಭೆಯೂ ಸ್ವತಂತ್ರ. ತನ್ನ ಬೋಧಕನನ್ನು ತಾನೇ ಆರಿಸಿಕೊಳ್ಳುವುದು, ಬೇಡವಾದರೆ ತಾನೇ ಬಿಡಿಸುವುದು. ಸ್ವಾತಂತ್ರ್ಯದ ಬೆಲೆಯನ್ನು ಚರಿತ್ರಕಾರನು ತೆರುತ್ತಾನೆ: ಒಂದು ಕಡೆ ಹೋಗಿ ಕುಳಿತರೆ ಎಲ್ಲವೂ ಸಿಕ್ಕುವ ಭಂಡಾರವೆಂಬುದು ಹುಟ್ಟಲೇ ಇಲ್ಲ.

ಇದನ್ನು ಮೊದಲು ಕಂಡುಕೊಂಡವರು ಮಾರ್ಗನ್ ಎಡ್ವರ್ಡ್ಸ್. ವೇಲ್ಸ್ ದೇಶದಲ್ಲಿ ೧೭೨೨ರಲ್ಲಿ ಹುಟ್ಟಿ, ೧೭೬೧ರಲ್ಲಿ ಫಿಲಡೆಲ್ಫಿಯದ ಸಭೆಗೆ ಪಾಲಕರಾಗಿ ಬಂದವರು. ಇಂದು ಬ್ರೌನ್ ವಿಶ್ವವಿದ್ಯಾಲಯವೆಂದು ಹೆಸರಾಗಿರುವ ವಿದ್ಯಾಸಂಸ್ಥೆಯ ಸ್ಥಾಪನೆಗೆ ದುಡಿದವರಲ್ಲಿ ಒಬ್ಬರು. ೧೭೭೧-೭೨ರಲ್ಲಿ ಅವರು ದಕ್ಷಿಣದ ವಸಾಹತುಗಳಲ್ಲಿ ಸಭೆಯಿಂದ ಸಭೆಗೆ ಸಂಚಾರ ಮಾಡಿದರು. ಹೋದಲ್ಲೆಲ್ಲ ಅವರ ಪ್ರಶ್ನೆಗಳು ಒಂದೇ ಬಗೆ: ಸಭಾಗೃಹದ ಉದ್ದವೆಷ್ಟು, ಅಗಲವೆಷ್ಟು? ಎಷ್ಟು ಸಂಸಾರಗಳು? ಬೋಧಕನಿಗೆ ವರ್ಷಕ್ಕೆ ಏನು ಕೊಡುತ್ತೀರಿ? ಅವನ ಹೆಂಡತಿ ಯಾರು, ಮಕ್ಕಳೆಷ್ಟು? ಪೆನ್ಸಿಲ್ವೇನಿಯದ ಸಂಪುಟ ೧೭೭೦ರಲ್ಲಿಯೇ ಅಚ್ಚಾಗಿತ್ತು. ದಕ್ಷಿಣದ ಟಿಪ್ಪಣಿಗಳು ಮಾತ್ರ ೧೭೯೫ರಲ್ಲಿ ಅವರು ತೀರಿಕೊಂಡಾಗಲೂ ಕೈಬರಹದಲ್ಲಿಯೇ ಉಳಿದಿದ್ದುವು. ತಮ್ಮ ಗ್ರಂಥಕ್ಕೆ ‘ಚರಿತ್ರೆ’ ಎಂದು ಹೆಸರಿಡದೆ ಚರಿತ್ರೆಗೆ ಬೇಕಾದ ‘ಸಾಮಗ್ರಿ’ ಎಂದು ಕರೆದರಲ್ಲ, ಆ ವಿನಯ ಸಾಮಾನ್ಯವಾದುದಲ್ಲ.

ಉತ್ತರ ಕೆರೊಲಿನದ ಸ್ಯಾಂಡಿ ಕ್ರೀಕ್ ಸಭೆಯ ಮೊದಲ ದಿನಗಳು ನಮಗೆ ತಿಳಿದಿರುವುದು ಮುಖ್ಯವಾಗಿ ಎಡ್ವರ್ಡ್ಸರ ಬರಹದಿಂದಲೇ. ಷೂಬಲ್ ಸ್ಟರ್ನ್ಸ್ ಎಂಬವರು ಬಾಸ್ಟನ್ನಿನಲ್ಲಿ ೧೭೦೬ರಲ್ಲಿ ಹುಟ್ಟಿದವರು. ಕನೆಕ್ಟಿಕಟ್ಟಿನಿಂದ ಹೊರಟು, ವರ್ಜೀನಿಯದಲ್ಲಿ ಕೆಲಕಾಲ ತಂಗಿ, ೧೭೫೫ರ ನವೆಂಬರಿನಲ್ಲಿ ಆ ತೊರೆಯ ದಂಡೆಗೆ ಬಂದು ನೆಲಸಿದರು. ಹೆಂಗಸರು ಗಂಡಸರು ಸೇರಿ ಆಗ ಇದ್ದವರು ೧೬ ಮಂದಿ. ಕೆಲವೇ ವರ್ಷಗಳಲ್ಲಿ ಅವರು ೬೦೬ ಆದರು. ಹದಿನೇಳು ವರ್ಷಗಳಲ್ಲಿ ಈ ಒಂದು ಸಭೆಯಿಂದ ಮಕ್ಕಳು ಮೊಮ್ಮಕ್ಕಳೆಂಬಂತೆ ೪೨ ಸಭೆಗಳು ಹುಟ್ಟಿದುವೆಂದೂ ೧೨೫ ಬೋಧಕರು ಹೊರಟರೆಂದೂ ಎಡ್ವರ್ಡ್ಸ್ ಲೆಕ್ಕ ಕೊಡುತ್ತಾರೆ.

ಸ್ಟರ್ನ್ಸರು ಕುಳ್ಳಗಿನ ಆಳು. ಒಮ್ಮೆ ಜಾನ್ ಸ್ಟೂವರ್ಡ್ ಎಂಬ ಭಾರಿ ಮೈಯವನಿಗೆ ಅವರು ದೀಕ್ಷಾಸ್ನಾನ ಮಾಡಿಸುವರೆಂದು ಸುದ್ದಿಯಾಯಿತು. ಈ ಪುಟ್ಟ ಬೋಧಕ ಆ ದೈತ್ಯನನ್ನು ನೀರಿಗಿಳಿಸಿದರೆ ಇಬ್ಬರಲ್ಲೊಬ್ಬರು ಮುಳುಗುವುದು ಖಂಡಿತವೆಂದು ತಮಾಷೆ ನೋಡಲು ಜನ ನೆರೆಯಿತು. ಎಲ್ನೇಥನ್ ಡೇವಿಸ್ ಎಂಬ ಯುವಕ ಎಂಟು ಹತ್ತು ಮಂದಿ ಗೆಳೆಯರೊಡನೆ ಬಂದನು. ನಗಲು ಬಂದವನು ಸ್ಟರ್ನ್ಸರ ಮಾತು ಕೇಳುತ್ತ ನಡುಗಿದನು, ಓಡಿಹೋದನು, ಮತ್ತೆ ಬಂದನು. ಕೊನೆಗೆ ತಾನೇ ಬೋಧಕನಾದನು. ಇಂಥ ಪ್ರಸಂಗ ಯಾವ ಸರ್ಕಾರಿ ಕಡತದಲ್ಲಿ ಸಿಕ್ಕೀತು? ಎಡ್ವರ್ಡ್ಸರು ಕುದುರೆಯೇರದಿದ್ದರೆ ಅದು ಡೇವಿಸನ ಮಕ್ಕಳ ಬಾಯಲ್ಲಿ ಒಂದು ತಲೆಮಾರು ಉಳಿದು ಹೋಗುತ್ತಿತ್ತು. ಅವರೇ ಬರೆದಿರುವ ಮತ್ತೊಂದು ಸಂಗತಿ ಅಷ್ಟೇ ಕರುಣವಾದುದು. ೧೭೭೧ರ ಮೇ ತಿಂಗಳಲ್ಲಿ ಅಲಮಾನ್ಸ್ ಎಂಬಲ್ಲಿ ಗವರ್ನರ್ ಟ್ರಯನ್ನನ ಸೇನೆ ಕಂದಾಯ, ಅಧಿಕಾರಿಗಳ ಸುಲಿಗೆ ಇವುಗಳ ವಿರುದ್ಧ ಎದ್ದಿದ್ದ ರೈತರನ್ನು ಸದೆಬಡಿಯಿತು. ಸಂಸಾರಗಳು ಗುಂಪುಗುಂಪಾಗಿ ಗುಳೆ ಹೊರಟುವು. ೬೦೬ ಮಂದಿಯಿದ್ದ ಸ್ಯಾಂಡಿ ಕ್ರೀಕಿನಲ್ಲಿ ಉಳಿದವರು ಹದಿನಾಲ್ಕೇ ಮಂದಿ. ಆ ವರ್ಷವೇ ನವೆಂಬರಿನಲ್ಲಿ ಸ್ಟರ್ನ್ಸರೂ ತೀರಿಕೊಂಡರು.

ಎಡ್ವರ್ಡ್ಸರಂಥ ಸಂಚಾರಿ ಎಲ್ಲ ಊರಿಗೂ ಬರಲಿಲ್ಲ. ಉಳಿದೆಡೆ ಗತಿಯೆಂದರೆ ಸಭೆಯ ನಡಾವಳಿ ಪುಸ್ತಕ. ತಿಂಗಳಿಗೊಮ್ಮೆ, ಬಹುಮಟ್ಟಿಗೆ ಶನಿವಾರ, ಸದಸ್ಯರು ಕೂಡಿ ಸಭೆಯ ವ್ಯವಹಾರ ನೋಡುತ್ತಿದ್ದರು, ಒಬ್ಬನು ಬರೆದುಕೊಳ್ಳುತ್ತಿದ್ದನು. ಪುಸ್ತಕ ಆ ಬರಹಗಾರನ ಮನೆಯಲ್ಲಿಯೇ ಇರುತ್ತಿತ್ತು. ಹಳೆಯ ಶಾನುಭೋಗರ ಮನೆಯ ಅಟ್ಟವನ್ನು ಕಂಡಿರುವ ನಮ್ಮ ವಾಚಕರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಮನೆ ಬೆಂದರೆ ಪುಸ್ತಕವೂ ಬೆಂದಿತು. ವಂಶ ಪಶ್ಚಿಮಕ್ಕೆ ವಲಸೆ ಹೋದರೆ ಪುಸ್ತಕವೂ ಬಂಡಿಯೇರಿತು. ಉಳಿದವುಗಳಲ್ಲಿ ಬಹಳಷ್ಟು ಇಂದು ಉತ್ತರ ಕೆರೊಲಿನದ ವೇಕ್ ಫಾರೆಸ್ಟ್, ದಕ್ಷಿಣ ಕೆರೊಲಿನದ ಫರ್ಮನ್, ಜಾರ್ಜಿಯದ ಮರ್ಸರ್ ಮುಂತಾದ ವಿಶ್ವವಿದ್ಯಾಲಯಗಳ ಭಂಡಾರಗಳನ್ನು ಸೇರಿವೆ. ಕೆಲವು ಮೂಲದಲ್ಲಿ, ಕೆಲವು ಛಾಯಾಪ್ರತಿಯಲ್ಲಿ.

ಈ ಪುಸ್ತಕಗಳನ್ನು ತೆರೆದವನು ಧರ್ಮಜಿಜ್ಞಾಸೆಯನ್ನು ನಿರೀಕ್ಷಿಸಿದರೆ ಮೋಸಹೋಗುತ್ತಾನೆ. ಅಲ್ಲಿರುವುದು ಊರಿನ ಪಂಚಾಯಿತಿ. ಒಬ್ಬನು ಹೆಚ್ಚು ಕುಡಿದನೆಂಬ ದೂರು, ಇಬ್ಬರ ನಡುವಣ ಸಾಲದ ತಕರಾರು, ಮದುವೆಯ ಮನೆಯಲ್ಲಿ ಕುಣಿದ ಹುಡುಗಿಯ ವಿಚಾರಣೆ, ಗೈರುಹಾಜರಾದವನನ್ನು ಕಂಡು ಬರಲು ಇಬ್ಬರ ನೇಮಕ. ತಪ್ಪೊಪ್ಪಿಕೊಂಡವನನ್ನು ಕ್ಷಮಿಸಿದರು, ಒಪ್ಪದವನನ್ನು ಹೊರಹಾಕಿದರು. ಬೇರೆ ಊರಿಗೆ ಹೋಗುವವನಿಗೆ ಸನ್ನಡತೆಯ ಪತ್ರ ಕೊಟ್ಟು ಕಳುಹಿಸಿದರು. ಈ ಪತ್ರಗಳ ಜಾಡು ಹಿಡಿದೇ ಇಂದು ಎಷ್ಟೋ ಕುಟುಂಬಗಳು ಯಾವ ವರ್ಷ ಯಾವ ಕಣಿವೆಯನ್ನು ದಾಟಿದುವೆಂದು ಗೊತ್ತುಮಾಡುತ್ತಾರೆ. ಬೋಧಕನ ಹೆಸರು ನಡುನಡುವೆ ಮಿಂಚಿ ಮರೆಯಾಗುತ್ತದೆ. ಒಬ್ಬನೇ ಬೋಧಕ ನಾಲ್ಕು ಸಭೆಗಳಿಗೆ ತಿಂಗಳಿಗೊಂದು ವಾರದಂತೆ ಹೋಗುತ್ತಿದ್ದುದೂ ಉಂಟು. ಒಂದು ಸಭೆಯ ಪುಸ್ತಕವನ್ನಷ್ಟೇ ಓದಿದವನಿಗೆ ಅವನು ಮೂರು ವಾರ ಮನೆಯಲ್ಲಿ ಮಲಗಿದ್ದಂತೆ ಕಾಣಬಹುದು.

ಅಲ್ಲಿ ಸಿಗದುದನ್ನು ಕೌಂಟಿಯ ಕಚೇರಿಯಲ್ಲಿ ಹುಡುಕಬೇಕು. ಸಭಾಗೃಹಕ್ಕೆ ಯಾರೋ ಬಿಟ್ಟುಕೊಟ್ಟ ಒಂದೆರಡು ಎಕರೆ ನೆಲದ ಪತ್ರ ಅಲ್ಲಿರುತ್ತದೆ. ವರ್ಜೀನಿಯದಲ್ಲಿ ೧೭೮೦ರ ಶಾಸನದಿಂದ ಮೊದಲ್ಗೊಂಡು ಬ್ಯಾಪ್ಟಿಸ್ಟ್ ಬೋಧಕರಿಗೂ ಮದುವೆ ಮಾಡಿಸುವ ಅಧಿಕಾರ ಬಂದಿತು. ಮಾಡಿಸಿದ ಮದುವೆಗಳ ಪಟ್ಟಿಯನ್ನು ಅವರು ಕಚೇರಿಗೆ ಒಪ್ಪಿಸಬೇಕಾಗಿತ್ತು. ಇನ್ನೊಂದು ಆಕರ ಯಾರೂ ಎಣಿಸದೆ ಇರುವಂಥದು. ೧೮೩೨ರಲ್ಲಿ ಸ್ವಾತಂತ್ರ್ಯ ಸಮರದ ಮುದಿ ಯೋಧರಿಗೆ ವೇತನ ಗೊತ್ತಾದಾಗ, ಅರ್ಜಿದಾರನನ್ನು ತಾನು ಬಲ್ಲೆನೆಂದು ನೆರೆಹೊರೆಯ ಧರ್ಮಬೋಧಕನೊಬ್ಬನು ಸಾಕ್ಷಿ ಹೇಳಬೇಕೆಂಬ ನಿಯಮವಿತ್ತು. ಹಳ್ಳಿಯ ಬೋಧಕನ ಹೆಸರೂ ರುಜುವೂ ಹೀಗೆ ಒಬ್ಬ ಸಿಪಾಯಿಯ ಪಿಂಚಣಿಯ ಕಾಗದದಲ್ಲಿ ಉಳಿದುಕೊಂಡಿತು.

ಆದರೆ ಬೋಧಕರನ್ನು ಎಲ್ಲರಿಗಿಂತ ಶ್ರದ್ಧೆಯಿಂದ ದಾಖಲೆ ಮಾಡಿದವರು ಅವರ ವಿರೋಧಿಗಳು. ವರ್ಜೀನಿಯದಲ್ಲಿ ಅಪ್ಪಣೆಯ ಚೀಟಿಯಿಲ್ಲದೆ ಉಪದೇಶ ಮಾಡುವುದು ಶಾಂತಿಭಂಗವೆಂದು ಎಣಿಸಲ್ಪಡುತ್ತಿತ್ತು. ಲೂಯಿಸ್ ಕ್ರೇಗ್ ಎಂಬವರನ್ನು ಈ ಆಪಾದನೆಯ ಮೇಲೆ ಪಂಚರ ಮುಂದೆ ತಂದಾಗ ಪಂಚರಲ್ಲಿ ಒಬ್ಬನು ಜಾನ್ ವಾಲರ್. ಅವನ ಬಾಯಿ ಎಷ್ಟು ಕೆಟ್ಟದೆಂದರೆ, ಬೈಗುಳವೇ ಅವನ ಅಡ್ಡಹೆಸರಾಗಿತ್ತು. ಆಪಾದಿತನು ಸಿಟ್ಟುಗೊಳ್ಳದೆ ಪಂಚರಿಗೆ ವಂದನೆ ಹೇಳಿ ಮಾತನಾಡಿದ ರೀತಿ ವಾಲರನ ಮನಸ್ಸನ್ನು ತಿರುಗಿಸಿತು. ೧೭೬೮ರ ಜೂನ್ ತಿಂಗಳಲ್ಲಿ ಸ್ಪಾಟ್ಸಿಲ್ವೇನಿಯ ಕೌಂಟಿಯಲ್ಲಿ ಬೋಧಕರನ್ನು ಹಿಡಿದು ಫ್ರೆಡರಿಕ್ಸ್‌ಬರ್ಗಿನ ಸೆರೆಮನೆಗೆ ನೂಕಿದಾಗ, ಕ್ರೇಗರ ಪಕ್ಕದಲ್ಲಿ ಇದ್ದವರು ಅದೇ ವಾಲರ್. ಸೆರೆಮನೆಯ ಕಿಟಕಿಯಿಂದಲೇ ಅವರು ಜನರಿಗೆ ಉಪದೇಶ ಮಾಡಿದರು. ಇಂಥ ಸೆರೆವಾಸಗಳ ವಿವರವನ್ನು ಲೂಯಿಸ್ ಪೇಟನ್ ಲಿಟ್ಲ್ ಎಂಬವರು ನ್ಯಾಯಾಲಯದ ಪುಸ್ತಕಗಳಿಂದ ಒಟ್ಟುಗೂಡಿಸಿ ೧೯೩೮ರಲ್ಲಿ ಪ್ರಕಟಿಸಿದರು. ೧೭೭೪ರ ಜನವರಿಯಲ್ಲಿ ಯುವಕ ಜೇಮ್ಸ್ ಮ್ಯಾಡಿಸನ್ ತನ್ನ ಸ್ನೇಹಿತನಿಗೆ ಬರೆದ ಕಾಗದದಲ್ಲಿಯೂ ನೆರೆಯ ಕೌಂಟಿಯಲ್ಲಿ ಹೀಗೆ ಸೆರೆಯಲ್ಲಿದ್ದ ಐದಾರು ಮಂದಿಯ ಮಾತಿದೆ. ಸಂಯುಕ್ತ ಸಂಸ್ಥಾನದ ಧರ್ಮಸ್ವಾತಂತ್ರ್ಯದ ಕಾನೂನುಗಳ ಬೇರನ್ನು ಅಗೆಯುವವರು ಈ ಕಾಗದವನ್ನು ಬಿಡುವುದಿಲ್ಲ.

ಒಂದು ಮಾತನ್ನು ಮಾತ್ರ ಸೇರಿಸಬೇಕು. ಪ್ಯಾಟ್ರಿಕ್ ಹೆನ್ರಿ ಐವತ್ತು ಮೈಲಿ ಕುದುರೆಯ ಮೇಲೆ ಬಂದು ಈ ಬೋಧಕರ ಪರವಾಗಿ ಗರ್ಜಿಸಿದನೆಂಬ ಕಥೆ ಬಹಳ ಪ್ರಸಿದ್ಧ. ಓದಲು ರೋಮಾಂಚವಾಗುತ್ತದೆ. ಆದರೆ ಆ ಭಾಷಣದ ಪಾಠ ಘಟನೆಯಾದ ಬಹುಕಾಲದ ಮೇಲೆ ಬರೆದದ್ದು. ಭಾಷಣವಿಲ್ಲದೆಯೂ ಕ್ರೇಗ್ ವಾಲರರ ಕಥೆ ಸೊರಗುವುದಿಲ್ಲವಾದ್ದರಿಂದ ಅದನ್ನು ಬಿಟ್ಟರೆ ನಷ್ಟವೇನು?

ಇಲ್ಲಿಯವರೆಗೆ ಹೇಳಿದವರೆಲ್ಲ ಬಿಳಿಯರು. ಬಡವರಾದರೂ ಸ್ವತಂತ್ರರು, ನ್ಯಾಯಾಲಯವಾದರೂ ಅವರನ್ನು ಹೆಸರು ಹಿಡಿದು ಕರೆಯುತ್ತಿತ್ತು. ಗುಲಾಮಗಿರಿಯಲ್ಲಿದ್ದ ಕಪ್ಪು ಜನರ ಸಭೆಗಳ ಕಡೆ ತಿರುಗಿದರೆ ಅನ್ವೇಷಣೆಯ ದಾರಿ ಬಹಳ ಕಿರಿದಾಗುತ್ತದೆ. ದಕ್ಷಿಣ ಕೆರೊಲಿನದಲ್ಲಿ ಸವಾನಾ ನದಿಯ ದಂಡೆಯ ಸಿಲ್ವರ್ ಬ್ಲಫ್ ಎಂಬಲ್ಲಿ ಜಾರ್ಜ್ ಗ್ಯಾಲ್ಫಿನ್ ಎಂಬ ವರ್ತಕನ ಜಮೀನಿನಲ್ಲಿ ಅಂಥದೊಂದು ಸಭೆಯಿತ್ತು; ಅಮೆರಿಕದ ಕಪ್ಪು ಜನರ ಸಭೆಗಳಲ್ಲಿ ಅದೇ ಮೊದಲನೆಯದೆಂದು ಹಲವು ವಿದ್ವಾಂಸರ ಮತ. ಅಲ್ಲಿಯ ಸಭಾಗೃಹದ ಅಡಿಗಲ್ಲಿನ ಮೇಲೆ ಸ್ಥಾಪನೆಯ ವರ್ಷ ೧೭೫೦ ಎಂದು ಕೆತ್ತಲಾಗಿತ್ತು. ಕಲ್ಲಿಲ್ಲವೆಂದು ಮೊದಲೇ ಕೊರಗಿದೆವಷ್ಟೆ. ಇದೋ ಕಲ್ಲು ಸಿಕ್ಕಿತು, ಆದರೆ ಅದನ್ನು ನಂಬುವಂತಿಲ್ಲ.

ನಂಬುವಂತಿಲ್ಲವೆಂದು ತಿಳಿಯುವುದು ಆ ಸಭೆಯ ಬೋಧಕರಾಗಿದ್ದ ಡೇವಿಡ್ ಜಾರ್ಜರ ಆತ್ಮವೃತ್ತಾಂತದಿಂದ. ಅವರು ೧೭೪೨ರ ಸುಮಾರಿಗೆ ವರ್ಜೀನಿಯದ ಎಸೆಕ್ಸ್ ಕೌಂಟಿಯಲ್ಲಿ ಗುಲಾಮರಾಗಿ ಹುಟ್ಟಿದರು. ಒಡೆಯನ ಕ್ರೌರ್ಯವನ್ನು ತಾಳಲಾರದೆ ಓಡಿಹೋಗಿ, ಅಲ್ಲಿಯ ಮೂಲನಿವಾಸಿಗಳ ನಡುವೆ ಸಿಕ್ಕಿಬಿದ್ದು, ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಗ್ಯಾಲ್ಫಿನ್ನನ ಬಳಿಗೆ ಬಂದರು. ಬಿಳಿಯರ ಮಕ್ಕಳನ್ನು ಬೇಡಿಕೊಂಡು ಅಕ್ಷರ ಕಲಿತರು. ಪಾಮರ್ ಎಂಬ ಬೋಧಕರು ಬಂದು ಗಿರಣಿಯ ಹೊಳೆಯಲ್ಲಿ ಅವರಿಗೂ ಇತರರಿಗೂ ದೀಕ್ಷಾಸ್ನಾನ ಮಾಡಿಸಿದರು. ಎಂಟು ಮಂದಿಯ ಸಭೆ ಏರ್ಪಟ್ಟಿತು. ಯುದ್ಧ ಹತ್ತಿರವಾದಾಗ, ಗುಲಾಮರಿಗೆ ತಿಳಿಯಬಾರದ ಸಂಗತಿ ತಿಳಿದೀತೆಂಬ ಭಯದಿಂದ ಹೊರಗಿನ ಬೋಧಕರನ್ನು ಒಳಗೆ ಬಿಡದೆ ಹೋದರು; ಸಭೆಯ ಹೊಣೆಯೆಲ್ಲ ಜಾರ್ಜರ ಹೆಗಲಿಗೆ ಬಿತ್ತು. ಇದನ್ನು, ಬ್ರಿಟಿಷರ ಪಕ್ಷವಹಿಸಿ ಹೋರಾಡುವ ದಂಗೆಕೋರರ ಗುಲಾಮರಿಗೆ ಬಿಡುಗಡೆ ಕೊಡುವೆನೆಂದು ಲಾರ್ಡ್ ಡನ್‌ಮೋರ್ ೧೭೭೫ರ ನವೆಂಬರಿನಲ್ಲಿ ಹೊರಡಿಸಿದ ಘೋಷಣೆಯೊಡನೆ ಇಟ್ಟು ನೋಡಿದರೆ, ಸಭೆ ಅದಕ್ಕೆ ಕೆಲವು ಕಾಲ ಹಿಂದೆ ಹುಟ್ಟಿರಬೇಕೆಂದು ತಿಳಿಯುತ್ತದೆ. ೧೭೫೦ರಲ್ಲಿಯಂತೂ ಜಾರ್ಜರು ವರ್ಜೀನಿಯದಲ್ಲಿ ಏಳೆಂಟು ವರ್ಷದ ಹುಡುಗ. ವಾಲ್ಟರ್ ಬ್ರೂಕ್ಸ್ ಎಂಬ ಬೋಧಕ-ವಿದ್ವಾಂಸರು ೧೯೨೨ರಲ್ಲಿ ಇಂಥ ಒಳಸಾಕ್ಷ್ಯಗಳನ್ನು ಪೋಣಿಸಿ ೧೭೭೩ರಿಂದ ೧೭೭೫ರೊಳಗಿನ ಕಾಲವನ್ನು ಸೂಚಿಸಿದರು. ಕಲ್ಲಿಗಿಂತ ಇಪ್ಪತ್ತುಮೂರು ವರ್ಷ ಕಡಿಮೆಯಾದರೂ ಮೊದಲಿಗನೆಂಬ ಹೆಸರು ಹೋಗಲಿಲ್ಲ. ಹೋಗಿದ್ದರೂ ಅವರು ಹಾಗೆಯೇ ಬರೆಯುತ್ತಿದ್ದರೆಂದು ನನ್ನ ನಂಬಿಕೆ.

ಪಾಮರ್ ಎಂಬವರು ಯಾರು? ಜಾರ್ಜರು ಹೇಳಿದ್ದು ಅಷ್ಟೇ ಹೆಸರು. ಕನೆಕ್ಟಿಕಟ್ಟಿನ ವೇಟ್ ಪಾಮರ್ ಎಂಬುವರೇ ಇವರೆಂದು ಬ್ರೂಕ್ಸ್ ಮೊದಲಾದವರು ಗುರುತಿಸಿದ್ದಾರೆ. ೧೭೫೧ರಲ್ಲಿ ಷೂಬಲ್ ಸ್ಟರ್ನ್ಸರಿಗೆ ದೀಕ್ಷಾಸ್ನಾನ ಮಾಡಿಸಿದವರು ಇದೇ ವೇಟ್ ಪಾಮರ್. ಗುರುತು ಸರಿಯಾಗಿದ್ದರೆ, ಸ್ಯಾಂಡಿ ಕ್ರೀಕಿನ ಬಿಳಿಯ ರೈತರ ಸಭೆಗೂ ಸಿಲ್ವರ್ ಬ್ಲಫ್ಫಿನ ಗುಲಾಮರ ಸಭೆಗೂ ಒಂದೇ ಕೈ ತಾಗಿದಂತಾಯಿತು. ಇದು ಊಹೆ, ಬಲವಾದ ಊಹೆಯಾದರೂ ಊಹೆಯೇ.

ಜಾರ್ಜರ ವೃತ್ತಾಂತ ಉಳಿದ ಬಗೆಯೂ ಸ್ವಾರಸ್ಯವಾಗಿದೆ. ೧೭೭೮ರ ಡಿಸೆಂಬರಿನಲ್ಲಿ ಬ್ರಿಟಿಷರು ಸವಾನಾವನ್ನು ಹಿಡಿದರು. ಗ್ಯಾಲ್ಫಿನ್ ಪಲಾಯನ ಮಾಡಿದನು. ಜಾರ್ಜರೂ ಸುಮಾರು ಐವತ್ತು ಮಂದಿಯೂ ಬ್ರಿಟಿಷರ ಕಡೆ ಸೇರಿ ಬಿಡುಗಡೆ ಪಡೆದರು. ಅಲ್ಲಿಂದ ನೋವಾ ಸ್ಕೋಷಿಯಕ್ಕೆ. ಅಲ್ಲಿ ಬಿಳಿಯ ಸಿಪಾಯಿಗಳ ದೊಂಬಿಯಲ್ಲಿ ಪೆಟ್ಟು. ೧೭೯೨ರಲ್ಲಿ ಸುಮಾರು ೧೨೦೦ ಮಂದಿಯೊಡನೆ ಆಫ್ರಿಕದ ಸಿಯೆರ ಲಿಯೋನಿಗೆ. ಅಲ್ಲಿಂದ ಅವರು ಇಂಗ್ಲೆಂಡಿಗೆ ಬಂದಾಗ ಲಂಡನ್ನಿನ ಜಾನ್ ರಿಪ್ಪನ್, ಬರ್ಮಿಂಗ್‌ಹ್ಯಾಮಿನ ಸ್ಯಾಮ್ಯುಯೆಲ್ ಪಿಯರ್ಸ್ ಎಂಬ ಇಬ್ಬರು ಬೋಧಕರು ಅವರನ್ನು ಕೂರಿಸಿಕೊಂಡು ಕಥೆ ಕೇಳಿದರು. ರಿಪ್ಪನ್ನರು ಅದನ್ನು ತಮ್ಮ ವಾರ್ಷಿಕ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಈ ಪಿಯರ್ಸರು ವಿಲಿಯಂ ಕೇರಿಯವರ ಆಪ್ತಮಿತ್ರರು. ಕೇರಿಯವರು ೧೭೯೩ರಲ್ಲಿ ಬಂಗಾಳಕ್ಕೆ ಬಂದುದೂ, ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾದುದೂ ನಮ್ಮವರಿಗೆ ಗೊತ್ತು. ಕನ್ನಡಕ್ಕೆ ವ್ಯಾಕರಣ ಬರೆದವನ ಗೆಳೆಯನೇ ಸಿಲ್ವರ್ ಬ್ಲಫ್ಫಿನ ಗುಲಾಮನ ಬಾಯಿಂದ ಕಥೆ ಕೇಳಿ ಬರೆದುಕೊಂಡವನೆಂಬುದು ಲೋಕ ಎಷ್ಟು ಚಿಕ್ಕದಾಗಿತ್ತೆಂಬುದನ್ನು ತೋರಿಸುತ್ತದೆ. ಜಾರ್ಜರ ಮಾತು ಇಬ್ಬರ ಲೇಖನಿಯಿಂದ ಸೋಸಿ ಬಂದಿದೆಯೆಂಬುದನ್ನು ಮಾತ್ರ ಓದುವವನು ಮರೆಯಬಾರದು.

ಅದೇ ಪತ್ರಿಕೆಯಿಂದಲೇ ಆಂಡ್ರೂ ಬ್ರಯನ್ನರೂ ನಮಗೆ ತಿಳಿಯುವುದು. ಸವಾನಾದ ಬಳಿ ಗುಲಾಮರಾಗಿದ್ದ ಇವರಿಗೆ ಜಾರ್ಜ್ ಲೀಲ್ ಎಂಬ ಕಪ್ಪು ಬೋಧಕರು ಜಮೈಕಕ್ಕೆ ತೆರಳುವ ಮುನ್ನ ದೀಕ್ಷಾಸ್ನಾನ ಮಾಡಿಸಿದ್ದರು. ಸಭೆ ಕೂಡಿಸಿದ ಅಪರಾಧಕ್ಕಾಗಿ ಇವರನ್ನೂ ತಮ್ಮ ಸ್ಯಾಂಪ್ಸನನನ್ನೂ ರಕ್ತ ಸುರಿಯುವಂತೆ ಚಾವಟಿಯಿಂದ ಹೊಡೆದರು. ೧೭೮೮ರ ಜನವರಿಯಲ್ಲಿ ಕಿಯೋಕಿ ಸಭೆಯ ಏಬ್ರಹಾಂ ಮಾರ್ಷಲ್ ಬಂದು ಇವರಿಗೆ ಪಾಲಕದೀಕ್ಷೆ ಕೊಟ್ಟರು. ಮುಂದೆ ಬ್ರಯನ್ನರು ತಮ್ಮ ಬಿಡುಗಡೆಯನ್ನು ಹಣಕೊಟ್ಟು ಪಡೆದರು. ೧೮೦೦ರ ಡಿಸೆಂಬರಿನಲ್ಲಿ ರಿಪ್ಪನ್ನರಿಗೆ ಬರೆದ ಕಾಗದದಲ್ಲಿ ತಮಗೆ ಪಟ್ಟಣದಲ್ಲಿ ಮನೆಯಿದೆಯೆಂದೂ ಹಳ್ಳಿಯಲ್ಲಿ ೫೬ ಎಕರೆ ಜಮೀನಿದೆಯೆಂದೂ, ಎಂಟು ಮಂದಿ ಗುಲಾಮರಿದ್ದಾರೆಂದೂ ಹೇಳಿಕೊಂಡಿದ್ದಾರೆ. ಭಕ್ತಿಯಿಂದ ಚರಿತ್ರೆ ಬರೆಯುವ ಕೆಲವರು ಚಾವಟಿಯ ಪ್ರಸಂಗವನ್ನು ವಿಸ್ತರಿಸಿ ಈ ವಾಕ್ಯವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಆ ಎಂಟು ಮಂದಿ ಬಂಧುಗಳೋ, ಸಭೆಯವರೋ, ಬರಿಯ ಆಳುಗಳೋ ಎಂದು ಕಾಗದ ಹೇಳುವುದಿಲ್ಲ; ಅವರ ಶಿಕ್ಷಣ ಸುಖಗಳನ್ನು ತಾವು ನೋಡಿಕೊಳ್ಳುತ್ತಿದ್ದೇವೆಂದು ಮಾತ್ರ ಬ್ರಯನ್ನರು ಸೇರಿಸಿದ್ದಾರೆ. ಆ ಕಾಲದ ಜಾರ್ಜಿಯದಲ್ಲಿ ಒಬ್ಬ ಮನುಷ್ಯನ ಬೆನ್ನಿನ ಮೇಲೆ ಗಾಯದ ಗುರುತೂ ಕೈಯಲ್ಲಿ ಕ್ರಯಪತ್ರವೂ ಒಟ್ಟಿಗೆ ಇರಬಹುದಾಗಿತ್ತು.

ಜಾರ್ಜ್, ಬ್ರಯನ್ ಇವರಿಗೆ ಲಂಡನ್ನಿನ ಪತ್ರಿಕೆಯಾದರೂ ಇತ್ತು. ಉಳಿದ ಸಾವಿರಾರು ಮಂದಿ ಬಿಳಿಯರ ಸಭೆಗಳ ಸದಸ್ಯರ ಪಟ್ಟಿಯ ಕೊನೆಯ ಪುಟಗಳಲ್ಲಿದ್ದಾರೆ. ಮೊದಲು ಬಿಳಿಯ ಗಂಡಸರು, ಅನಂತರ ಬಿಳಿಯ ಹೆಂಗಸರು, ಆಮೇಲೆ ಇವರು: ಒಂದು ಒಂಟಿ ಹೆಸರು, ಅದರ ಮುಂದೆ ‘ಇಂಥವನಿಗೆ ಸೇರಿದವಳು’ ಎಂದು ಒಡೆಯನ ಹೆಸರು. ಗಂಡನನ್ನು ದೂರದೇಶಕ್ಕೆ ಮಾರಿಬಿಟ್ಟ ಮೇಲೆ ಹೆಂಡತಿ ಮರುಮದುವೆಯಾಗಬಹುದೇ ಎಂಬ ಪ್ರಶ್ನೆಯನ್ನು ಒಂದಕ್ಕಿಂತ ಹೆಚ್ಚು ಸಭೆಗಳು ಚರ್ಚಿಸಬೇಕಾಯಿತು. ಮಾರಿದವನನ್ನು ಕುರಿತು ಅಂಥ ಪ್ರಶ್ನೆ ಏಳುವುದು ಅಪರೂಪ. ೧೮೬೫ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲಿನ ಪುಟಗಳಿಗೆ ಬಂದರೆ ಹಲವು ಪುಸ್ತಕಗಳಲ್ಲಿ ಬರಹದ ರೂಪವೇ ಬದಲಾಗುತ್ತದೆ. ಒಡೆಯನ ಹೆಸರು ಬಿದ್ದುಹೋಗಿ, ಅದೇ ಹೆಂಗಸಿಗೆ ತನ್ನದೆಂಬ ಕುಲನಾಮ ಕಾಣಿಸಿಕೊಳ್ಳುತ್ತದೆ. ಮುಂದಿನ ಒಂದೆರಡು ವರ್ಷಗಳಲ್ಲಿ ಅವಳೂ ಇನ್ನೂ ಹಲವರೂ ಬೇರೆ ಸಭೆ ಕಟ್ಟಿಕೊಳ್ಳಲು ಅನುಮತಿ ಪತ್ರ ಕೇಳಿ ಪಡೆದರೆಂಬ ನಡಾವಳಿ ಬರುತ್ತದೆ. ಅಲ್ಲಿಗೆ ಆ ಪುಸ್ತಕದಲ್ಲಿ ಅವರ ಸುದ್ದಿ ಮುಗಿಯುತ್ತದೆ. ಅನ್ವೇಷಕನು ಅದನ್ನು ಮುಚ್ಚಿಟ್ಟು, ಹೊಳೆಯ ಆಚೆಗೆ ಅವರು ಕಟ್ಟಿದ ಸಭೆಯ ಮೊದಲ ಪುಸ್ತಕ ಯಾರ ಮನೆಯ ಪೆಟ್ಟಿಗೆಯಲ್ಲಿದೆಯೆಂದು ಕೇಳುತ್ತ ಹೊರಡುತ್ತಾನೆ.